ಎಡಗಡೆಯ ಚೆಂಡು

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚೆ ನಾನು ಚೆನ್ನೈನ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದೆ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ನನ್ನ ಕೆಲಸ ಏನಿತ್ತು ಅನ್ನುವುದನ್ನು ಮಾತ್ರ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಮ್ಮಪ್ಪನಿಗೇ ಕೊನೆಯವರೆಗೂ ಅರ್ಥವಾಗಲಿಲ್ಲ. ಅಪ್ಪ ತುಮಕೂರು ಕಡೆಯಿಂದ ಬಂದು ಇಲ್ಲಿ ರೈಲ್ವೆಯಲ್ಲಿದ್ದವರು. ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಯಾರಾದರೂ "ನಿಮ್ಮ ಮಂಜು ಏನ್ ಮಾಡ್ಕೊಂಡಿದಾನೆ?" ಎಂದು ಕೇಳಿದರೆ, "ಬಾಲ್ ಆಡೋ ಕೆಲಸ. ಆದ್ರೆ ಆಡಲ್ಲ" ಅನ್ನುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಮೈದಾನದಲ್ಲಿ ಓಡಾಡುವ ಹತ್ತು ಜನರಲ್ಲಿ ಯಾರಾದರೂ ಸುಸ್ತಾದರೆ, ಕಳಪೆಯಾಗಿ ಆಡಿದರೆ, ಬೆಂಚಿನ ಮೇಲೆ ಕೂತವನಿಗೆ ಕರೆ ಬರುತ್ತದೆ. ಗೋಲ್ ಕಾಯುವವನು ಒಬ್ಬನೇ. ಅವನು ಸುಸ್ತಾಗುವುದಿಲ್ಲ, ಅವನನ್ನು ಆಟದ ಮಧ್ಯೆ ಬದಲಾಯಿಸುವ ರೂಢಿಯೂ ಇಲ್ಲ. ಅವನಿಗೆ ಏನಾದರೂ ಆದರೆ ಮಾತ್ರ ಎರಡನೆಯವನಿಗೆ ಬಾಳು. ನಾನು ಮೂರು ವರ್ಷದ ಕರಾರಿಗೆ ಸಹಿ ಹಾಕಿದ್ದೆ. ಅದು ಮುಗಿಯುವ ತನಕ ಬೇರೆ ಕ್ಲಬ್ಬಿಗೆ ಹೋಗುವ ಹಾಗಿಲ್ಲ, ಇಲ್ಲಿ ಆಡುವ ಹಾಗೂ ಇಲ್ಲ. ಮದುವೆ ಊಟದಲ್ಲಿ ಕೂತವನ ಬೆನ್ನ ಹಿಂದೆ, ಅವನ ಎಲೆಯನ್ನೇ ನೋಡುತ್ತಾ ಕೆಲವರು ನಿಂತಿರುತ್ತಾರಲ್ಲ, ನಾನು ಎರಡು ಸೀಸನ್ ಹಾಗೆ ನಿಂತಿದ್ದೆ. ಕೂತವನು ಬೇಗ ಏಳಲಿ ಅನ್ನಿಸುತ್ತದೆ, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ಎರಡನೆಯವನಿಗೆ ಒಂದು ಕೆಲಸ ಮಾತ್ರ ಖಾಯಂ. ಪಂದ್ಯಕ್ಕೆ ಮುಂಚೆ ಮೊದಲನೆಯವನ ಮೈ ಬಿಸಿ ಮಾಡಿಸುವುದು, ಅಂದರೆ ವಾರ್ಮ್-ಅಪ್. ಮೊದಲು ಹತ್ತಿರದಿಂದ ಎದೆಗೆ, ಆಮೇಲೆ ಬಲಕ್ಕೆ ಎಡಕ್ಕೆ ನೆಲ ಸವರುವ ಹಾಗೆ, ಕೊನೆಗೆ ಎರಡೂ ಅಂಚಿನಿಂದ ಕ್ರಾಸ್. ಕ್ರಾಸ್ ಅಂದರೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆಯುವ ಚೆಂಡು. ಹೀಗೆ ದಿನಾ ಒಬ್ಬನಿಗೇ ಹೊಡೆದೂ ಹೊಡೆದೂ ಅವನ ಮೈ ನಮಗೆ ಬಾಯಿಪಾಠ ಆಗಿಬಿಡುತ್ತದೆ. ಅವನ ಸೊಂಟ ಹಿಡಿದಿದೆಯೋ, ರಾತ್ರಿ ನಿದ್ದೆ ಆಗಿಲ್ಲವೋ, ಹೆಂಡತಿ ಜೊತೆ ಜಗಳವಾಡಿ ಬಂದಿದ್ದಾನೋ, ಕೋಚಿಗಿಂತ ಮುಂಚೆ ನಮಗೆ ಗೊತ್ತಾಗುತ್ತದೆ.

ನಮ್ಮ ಮೊದಲನೇ ಕೀಪರ್ ಸಗಾಯಂ ಅಣ್ಣ, ಕೋಲಾರದ ಚಿನ್ನದ ಗಣಿಯ ಕಡೆಯವನು. ಮಾಧವರಂನಲ್ಲಿ ಹೆಂಡತಿ, ಮಗಳ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದ. ವಯಸ್ಸು ಮೂವತ್ತೈದರ ಹತ್ತಿರ. ಮನೆಮಾತು ತಮಿಳಾದರೂ ಗಣಿಯ ಶಾಲೆಯಲ್ಲಿ ಕಲಿತ ಕನ್ನಡ ಅವನ ಬಾಯಲ್ಲಿ ತಮಿಳಿನ ಬಾಲ ಹಚ್ಚಿಕೊಂಡು ಸರಾಗವಾಗಿ ಬರುತ್ತಿತ್ತು. ಇಡೀ ತಂಡದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಉಳಿದವರು ತಮಿಳು, ಮಲಯಾಳ, ಮಣಿಪುರಿ, ಬಂಗಾಳಿಯವರು. ಕೋಚ್ ಎದುರಿಗೇ ನಿಂತು ಕೋಚಿನ ಹೊಟ್ಟೆಯ ಬಗ್ಗೆ ಕನ್ನಡದಲ್ಲಿ ಮಾತಾಡಿಕೊಂಡು, ಮುಖ ಗಂಭೀರ ಮಾಡಿಕೊಂಡು ನಿಲ್ಲುವುದು ನಮ್ಮ ದಿನನಿತ್ಯದ ಮೋಜು. ನನ್ನ ಅನ್ನ ತಡೆದು ಕೂತವನೂ ಅವನೇ, ಅಲ್ಲಿ ನನಗಿದ್ದ ಒಬ್ಬನೇ ಸ್ನೇಹಿತನೂ ಅವನೇ.

ಸೀಸನ್ ಅರ್ಧ ದಾಟಿದ ಮೇಲೆ ಒಂದು ಬೆಳಿಗ್ಗೆ ಅಭ್ಯಾಸದಲ್ಲಿ ಅವನಿಗೆ ಏಟು ಬಿತ್ತು. ಕಾರ್ನರ್ ಚೆಂಡಿಗೆ ಎಗರಿದಾಗ ನಮ್ಮದೇ ಹುಡುಗನ ಮೊಣಕೈ ಎಡಗಣ್ಣಿಗೆ ತಗಲಿತು. ಕಣ್ಣು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ಐಸ್ ಇಟ್ಟರು. ಊತ ಇಳಿಯಿತು. ಕೀಪರ್‌ಗೆ ಇದೆಲ್ಲ ಮಾಮೂಲಿ. ಮುಖಕ್ಕೆ ಏಟು ಬಿದ್ದಾಗ ಮೂಗು ಮುರಿಯಿತಾ, ಹಲ್ಲು ಹೋಯಿತಾ ಅಂತ ನೋಡುತ್ತೇವೆ, ಕಣ್ಣಿನ ಒಳಗೆ ಏನಾಯಿತು ಅಂತ ಯಾರೂ ನೋಡುವುದಿಲ್ಲ.

ಮುಂದಿನ ವಾರ ಕ್ರಾಸ್ ಹೊಡೆಯುವಾಗ ನನಗೆ ಏನೋ ತಪ್ಪಿದ ಹಾಗೆ ಕಂಡಿತು. ಬಲಗಡೆಯಿಂದ ಬಂದ ಚೆಂಡಿಗೆ ಅಣ್ಣ ಎಂದಿನಂತೆ ಹೆಜ್ಜೆ ತೆಗೆಯುತ್ತಿದ್ದ. ಎಡಗಡೆಯಿಂದ ಬಂದದ್ದಕ್ಕೆ ಮಾತ್ರ ತಡ. ಚೆಂಡು ನೋಡುವುದಕ್ಕೆ ಕತ್ತನ್ನು ಪೂರ್ತಿ ಆ ಕಡೆ ತಿರುಗಿಸುತ್ತಿದ್ದ. ಮುಗಿಸಿ ನೀರು ಕುಡಿಯುವಾಗ ಕೇಳಿದೆ. ಗೋಲ್‌ಕೀಪಿಂಗ್ ಕೋಚ್ ಕುರಿಯನ್ ಸರ್ ಅಲ್ಲೇ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದರು. ಅಣ್ಣ ನಗುಮುಖದಲ್ಲೇ, ಏನೋ ಸಿನಿಮಾ ಸುದ್ದಿ ಹೇಳುವವನ ಹಾಗೆ, ಕನ್ನಡದಲ್ಲಿ ಹೇಳಿದ:

"ಕಣ್ಣು ಮುಚ್ಚಿದ್ರೂ ಮಿಂಚು ಹೊಡೆದಂಗೆ ಆಗ್ತದೆಡಾ ತಮ್ಮ. ಸೊಳ್ಳೆ ಹಾರ್ದಂಗೆ ಕಪ್ಪು ಚುಕ್ಕಿ. ಎಡಗಡೆ ಓರದಲ್ಲಿ ಸ್ವಲ್ಪ ಮಬ್ಬು. ಉಷ್ಣ ಇರ್ಬೇಕು. ಮೆಡಿಕಲ್ಲಲ್ಲಿ ಡ್ರಾಪ್ಸ್ ತಗೊಂಡಿದೀನಿ. ಯಾರ್ಗೂ ಹೇಳ್ಬೇಡ."

"ಡಾಕ್ಟ್ರಿಗೆ ತೋರಿಸಣ್ಣ."

"ತೋರಿಸ್ತೀನಿ, ಸೀಸನ್ ಮುಗೀಲಿ. ಈಗ ಹೊರಗೆ ಕೂತ್ರೆ ನಾನು ತಿರುಗಾ ಒಳಗೆ ಬರ್ತೀನಾ? ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ವಯಸ್ಸಿನ ಕೀಪರ್ ಕಣ್ಣಿನ ತೊಂದರೆ ಅಂತ ಒಂದು ಸಲ ಎದ್ದರೆ ಅವನ ಎಲೆ ಎತ್ತಿದ ಹಾಗೇ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಎದ್ದರೆ ಆ ಜಾಗದಲ್ಲಿ ಕೂರುವವನು ನಾನೇ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ನನ್ನ ಬಲಗೈ ಹಿಡಿದು, "ನನ್ನ ಮಗಳ ಮೇಲೆ ಆಣೆ ಮಾಡು, ಬಾಯಿ ಬಿಡಲ್ಲ ಅಂತ" ಅಂದ. ಆ ಮಗು ನನ್ನನ್ನು ಮಂಜು ಚಿಕ್ಕಪ್ಪ ಅಂತ ಕರೆಯುತ್ತಿತ್ತು. ಆಣೆ ಮಾಡಿದೆ. ಕುರಿಯನ್ ಸರ್ ತಲೆ ಎತ್ತಿ ನೋಡಿ, "ಏನು, ಇಬ್ಬರೂ ಮತ್ತೆ ನನ್ನನ್ನೇ ಬೈತಿದ್ದೀರಾ?" ಅಂತ ತಮಿಳಿನಲ್ಲಿ ನಕ್ಕರು. ನಾವೂ ನಕ್ಕೆವು.

ಅಲ್ಲಿಂದ ನಾನು ಬೋನಿಗೆ ಬಿದ್ದೆ. ಹೇಳಿದರೆ ಎಲ್ಲರೂ ಏನನ್ನುತ್ತಾರೆ? ಎರಡು ವರ್ಷ ಬೆಂಚು ಬಿಸಿ ಮಾಡಿದವನು ಸ್ನೇಹಿತನ ಕಣ್ಣು ತೋರಿಸಿ ಜಾಗ ಗಿಟ್ಟಿಸಿಕೊಂಡ ಅನ್ನುತ್ತಾರೆ. ಹೇಳದಿದ್ದರೆ ಅವನ ಕಣ್ಣು. ಯಾರ ಹತ್ತಿರವಾದರೂ ಸಲಹೆ ಕೇಳೋಣವೆಂದರೆ, ಕೇಳಿದ ಕ್ಷಣವೇ ಗುಟ್ಟು ಹೊರಬಿದ್ದ ಹಾಗೆ. ನನ್ನ ಬಾಯಿಂದ ಹೊರಟ ಯಾವ ಮಾತೂ ನಿಸ್ವಾರ್ಥದ ಮಾತಾಗುವ ಸಾಧ್ಯತೆಯೇ ಇರಲಿಲ್ಲ. ಒಳ್ಳೆಯದು ಮಾಡಲು ಹೋದರೂ ಲಾಭ ನನಗೇ ಬರುವಂಥ ಜಾಗದಲ್ಲಿ ಮನುಷ್ಯನನ್ನು ದೇವರು ನಿಲ್ಲಿಸಬಾರದು.

ಹೇಳದೆ ಇದ್ದದ್ದಷ್ಟೇ ಅಲ್ಲ, ಮುಚ್ಚಿಡಲು ನಾನೇ ಕೈಜೋಡಿಸಬೇಕಾಯಿತು. ವಾರ್ಮ್-ಅಪ್ ಮಾಡಿಸುವವನು ನಾನು ತಾನೆ. ಕುರಿಯನ್ ಸರ್ ಗೋಲಿನ ಹಿಂದೆ ನಿಂತು ನೋಡುತ್ತಿದ್ದರೆ, ನಾನು ಚೆಂಡನ್ನು ಹೆಚ್ಚು ಹೆಚ್ಚು ಬಲಕ್ಕೇ ಹೊಡೆಯುತ್ತಿದ್ದೆ. ಎಡಕ್ಕೆ ಹೊಡೆಯಲೇಬೇಕಾದಾಗ ಮೆತ್ತಗೆ, ಎತ್ತರಕ್ಕೆ, ಹೊಡೆಯುವುದಕ್ಕೆ ಮುಂಚೆಯೇ "ಎಡ!" ಅಂತ ಕನ್ನಡದಲ್ಲಿ ಕೂಗಿ ಹೊಡೆಯುತ್ತಿದ್ದೆ. ಅಣ್ಣ ಕೂಗು ಕೇಳಿದ ತಕ್ಷಣ ಕತ್ತು ತಿರುಗಿಸಿ ಹಿಡಿಯುತ್ತಿದ್ದ. ನಾನು ಹುರಿದುಂಬಿಸುತ್ತಿದ್ದೇನೆ ಅಂತ ಸರ್ ತಿಳಿದಿದ್ದರು. "ಈ ಉತ್ಸಾಹ ನಿನಗೆ ಮೊದಲೇ ಬರಬೇಕಿತ್ತು" ಅಂತ ಒಂದು ದಿನ ನನ್ನ ಬೆನ್ನು ಬೇರೆ ತಟ್ಟಿದರು.

ಪಂದ್ಯಗಳಲ್ಲಿ ಅಣ್ಣ ಹೇಗೋ ತಳ್ಳುತ್ತಿದ್ದ. ಅನುಭವಸ್ಥ, ಎಡಗಡೆಗೆ ಒಂದು ಹೆಜ್ಜೆ ಸರಿದು ನಿಂತು, ಆ ಕಡೆಯ ಡಿಫೆಂಡರನ್ನು ಗದರಿಸಿ ಗದರಿಸಿ ಚೆಂಡು ಬರದ ಹಾಗೆ ನೋಡಿಕೊಳ್ಳುತ್ತಿದ್ದ. ಒಂದು ಗೋಲು ಅವನ ಕಣ್ಣಿನಿಂದಲೇ ಹೋಯಿತು. ಗಾಳಿಯ ಮೇಲೆ ತಪ್ಪು ಹಾಕಿದ. ನಾನು ಬೆಂಚಿನ ಮೇಲೆ ಕೂತು ಚೆಂಡು ಅವನ ಎಡಕ್ಕೆ ಹೋದಾಗಲೆಲ್ಲ ಬಾಯೊಳಗೇ "ಎಡ, ಎಡ" ಅನ್ನುತ್ತಿದ್ದೆ. ನನಗೇ ಆಡಲು ಸಿಕ್ಕಿದ ಯಾವ ಪಂದ್ಯದಲ್ಲೂ ಅಷ್ಟು ಬೆವತಿಲ್ಲ.

ನನ್ನ ಹೆಂಡತಿ ಸುಮಾಗೆ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಕೆಲಸ. ಅಲ್ಲೇ ಹತ್ತಿರ ನಮ್ಮ ಮನೆ. ಮಂಡ್ಯದವಳು, ಮಾತಿಗೆ ಸುತ್ತು ಬಳಸು ಇಲ್ಲ. ಒಂದು ಭಾನುವಾರ ದೋಸೆ ಹಾಕುತ್ತಾ, "ಏನ್ರೀ, ಯಾರದೋ ಸಾಲ ತೀರಿಸೋ ಥರ ಮುಖ ಮಾಡ್ಕೊಂಡು ಓಡಾಡ್ತಿದೀರಾ?" ಅಂದಳು. ಆಣೆ ಮುರಿದೆನೋ ಏನೋ, ಹೆಂಡತಿ ಲೆಕ್ಕಕ್ಕಿಲ್ಲ ಅಂದುಕೊಂಡು ಹೇಳಿಬಿಟ್ಟೆ. ಅವಳು ಸಟ್ಟುಗ ಕೆಳಗಿಟ್ಟಳು.

"ಮಬ್ಬು ಅಂದ್ರೆ ಹೆಂಗೆ? ಪರದೆ ಇಳಿದಂಗಾ?"

"ಹಂಗೇ ಅಂತಾನೆ, ಈಗೀಗ."

"ನಮ್ಮ ಸೋದರಮಾವನಿಗೂ ಹಿಂಗೇ ಆಗಿತ್ತು ರೀ. ಮೊದ್ಲು ಮಿಂಚು, ಆಮೇಲೆ ಪರದೆ. ಉಷ್ಣ ಉಷ್ಣ ಅಂತ ಹರಳೆಣ್ಣೆ ಹಚ್ಕೊಂಡು ಕೂತ್ರು. ಆ ಕಣ್ಣು ಹೋಗೇ ಹೋಯ್ತು. ನಾಳೇನೇ ಹೇಳ್ಬಿಡಿ ಕೋಚಿಗೆ."

"ಜಾಗಕ್ಕೋಸ್ಕರ ಹೇಳ್ದ ಅಂತಾರೆ ಕಣೇ."

ಅವಳು ನನ್ನನ್ನೇ ನೋಡಿದಳು. "ಸರಿ, ಒಂದು ಕೇಳ್ತೀನಿ. ನೀವು ಸುಮ್ನಿರೋದು ಅವ್ರಿಗೋಸ್ಕರಾನಾ, ನಿಮ್ಮ ಹೆಸರಿಗೋಸ್ಕರಾನಾ?"

ಕಾವಲಿಯ ಮೇಲೆ ದೋಸೆ ಸೀದು ಹೋಯಿತು. ಮರುದಿನ ಅಣ್ಣನಿಗೆ ಸುಮಾಳ ಮಾವನ ಕಥೆ ಹೇಳಿದೆ, ಆಸ್ಪತ್ರೆಗೆ ಹೋಗು ಅಂತ ಕೈ ಮುಗಿದೆ. "ಎರಡೇ ಮ್ಯಾಚ್ ಇರೋದುಡಾ" ಅಂದ. ಸಿಟ್ಟಿನಲ್ಲಿ, "ನಾನೇ ಹೇಳ್ತೀನಿ ಹೋಗು" ಅಂದೆ. "ಹೇಳು," ಅಂದ, "ನನ್ನ ಮಗಳ ಮೇಲೆ ಆಣೆ ಮಾಡಿದೀಯ, ಹೇಳು." ಆ ಮಾತಿನಿಂದ ನನ್ನ ಬಾಯಿಗೆ ಬೀಗ ಬಿತ್ತು.

ಸೀಸನ್ನಿನ ಕೊನೆಯಿಂದ ಎರಡನೇ ಪಂದ್ಯ ನಮ್ಮ ಊರಿನಲ್ಲೇ. ಪಂದ್ಯದ ಹಿಂದಿನ ದಿನ ಎಲ್ಲರನ್ನೂ ತ್ರಿಪ್ಲಿಕೇನ್‌ನ ಒಂದು ಲಾಡ್ಜಿನಲ್ಲಿ ಇಳಿಸುತ್ತಿದ್ದರು. ಮರುದಿನ ಬೆಳಿಗ್ಗೆ ಪಕ್ಕದ ಮೆಸ್ಸಿನಲ್ಲಿ ಪೊಂಗಲ್ ತಿನ್ನುತ್ತಾ ಅಣ್ಣ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದ.

"ವೇಡಿಕೆ ನೋಡು ತಮ್ಮ. ಹಿಂಗೆ ಮುಚ್ಚಿದ್ರೆ ನಿನ್ನ ಅರ್ಧ ಮುಖಾನೇ ಇಲ್ಲ."

ವೇಡಿಕೆ ಅಂದರೆ ತಮಾಷೆ. ಅವನು ನಗುತ್ತಲೇ ಇದ್ದ. ಪರದೆ ಅಂಚಿನಿಂದ ನಡುವಿನ ಹತ್ತಿರಕ್ಕೆ ಬಂದುಬಿಟ್ಟಿತ್ತು. ಅಂದು ಎದುರಾಳಿ ತಂಡದಲ್ಲಿ ಅಣ್ಣನ ಎಡಗಡೆಯಿಂದಲೇ ಓಡಿ ಬಂದು ಗೂಳಿಯ ಹಾಗೆ ನುಗ್ಗುವ ಒಬ್ಬ ಆಟಗಾರನಿದ್ದ. ಆ ಕಣ್ಣಿಗೆ ಇನ್ನೊಂದು ಏಟು ಬಿದ್ದರೆ ಏನಾಗುತ್ತದೆ ಅಂತ ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ಕ್ರೀಡಾಂಗಣಕ್ಕೆ ಹೋಗುವಾಗ ಅವನು ಕಿಟಕಿಗೆ ಒರಗಿ ಜಪಮಾಲೆ ಎಣಿಸುತ್ತಿದ್ದ.

ವಾರ್ಮ್-ಅಪ್ ಶುರುವಾಯಿತು. ಎದೆಗೆ ಹೊಡೆದೆ, ಹಿಡಿದ. ಬಲಕ್ಕೆ ಹೊಡೆದೆ, ಹಾರಿ ಹಿಡಿದ. ಗ್ಯಾಲರಿಯಲ್ಲಿ ಆಗಲೇ ಬಂದು ಕೂತವರು ಚಪ್ಪಾಳೆ ಹೊಡೆದರು. ಕುರಿಯನ್ ಸರ್ ಎಂದಿನ ಜಾಗದಲ್ಲಿ, ಗೋಲಿನ ಹಿಂದೆ. ನಾನು ಚೆಂಡು ತೆಗೆದುಕೊಂಡು ಅಣ್ಣನ ಎಡಗಡೆಯ ಅಂಚಿಗೆ ಹೋದೆ. ನನ್ನ ಕೂಗಿಗಾಗಿ ಅವನು ಕಾಯುತ್ತಿದ್ದದ್ದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ನಾನು ಕೂಗಲಿಲ್ಲ. ಮೆತ್ತಗೂ ಹೊಡೆಯಲಿಲ್ಲ. ಪಂದ್ಯದಲ್ಲಿ ಹೇಗೆ ಬರುತ್ತದೋ ಹಾಗೆ, ಪೂರ್ತಿ ಬಲ ಹಾಕಿ, ಗೋಲಿನ ಹತ್ತಿರದ ಕಂಬದ ಕಡೆಗೆ ಹೊಡೆದೆ.

ಚೆಂಡು ಅವನ ಎಡಗಿವಿಯ ಪಕ್ಕದಲ್ಲೇ ಹಾದು ಬಲೆಗೆ ಬಿತ್ತು. ಅವನು ಕೈಯನ್ನೇ ಎತ್ತಲಿಲ್ಲ. ಇನ್ನೊಂದು ಹೊಡೆದೆ. ಬಲೆ ಅಲುಗಿದ ಸದ್ದಿಗೆ ತಿರುಗಿದ, ಅಷ್ಟೇ. ಮೂರನೆಯದಕ್ಕೆ ಕಾಲು ಎತ್ತುವಷ್ಟರಲ್ಲಿ ಕುರಿಯನ್ ಸರ್ ಕೈ ಎತ್ತಿ ಒಳಗೆ ಬಂದರು. ಒಂದು ಮಾತೂ ಆಡದೆ ಅವನ ಬಲಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳುಗಳನ್ನು ಎಡಗಡೆಗೆ ಹಿಡಿದು, "ಎಷ್ಟು?" ಅಂತ ಕೇಳಿದರು. ಅಣ್ಣ ಎಣಿಸಲಿಲ್ಲ, ಅವರ ಕೈ ಸರಿಸಿ ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದ:

"ಆಣೆ ಮಾಡಿದ್ದೆಯಲ್ಲೋ."

"ಬಾಯಿ ಬಿಟ್ಟಿಲ್ಲಣ್ಣ," ಅಂದೆ. ಹೇಳಿದ ಕೂಡಲೇ ನನ್ನ ಮಾತು ನನಗೇ ಹೇಸಿಗೆಯಾಯಿತು.

"ಏನಂತಾನೆ?" ಅಂತ ಸರ್ ನನ್ನನ್ನು ಕೇಳಿದರು.

ಅವನನ್ನು ಅಲ್ಲಿಂದಲೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಗೋಲಿನಲ್ಲಿ ನಿಂತೆ. ಎರಡು ವರ್ಷ ಕನಸಿನಲ್ಲಿ ನಿಂತ ಜಾಗ. ಗೋಲಿನ ಮುಂದಿನ ಆ ಬಿಳಿ ಗೆರೆಯ ಚೌಕಟ್ಟು ಅಂದು ದನದ ದೊಡ್ಡಿಯಂತೆ ಕಂಡಿತು. ಹೊರಗೆ ಹೋಗುವ ಹಾಗಿಲ್ಲ, ಒಳಗೆ ಯಾರೂ ಮಾತಾಡಿಸುವುದಿಲ್ಲ. ವಾರ್ಮ್-ಅಪ್‌ನಲ್ಲಿ ನಡೆದದ್ದನ್ನು ಡಿಫೆಂಡರುಗಳೆಲ್ಲ ಕಂಡಿದ್ದರು. ನಾನು ಕೂಗಿದರೆ ತಿರುಗುತ್ತಿರಲಿಲ್ಲ, ಚೆಂಡು ನನಗೆ ಹಿಂದಕ್ಕೆ ಕೊಡುವ ಬದಲು ಹೊರಗೆ ಒದೆಯುತ್ತಿದ್ದರು. ಪಂದ್ಯ ಒಂದು-ಒಂದಕ್ಕೆ ಮುಗಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬ ಹಿರಿಯ ಆಟಗಾರ ನನಗೆ ಕೇಳಲೆಂದೇ ತಮಿಳಿನಲ್ಲಿ, "ಕೆಲವರು ಚೆಂಡಿಗಾಗಿ ಹಾರುತ್ತಾರೆ, ಕೆಲವರು ಜಾಗಕ್ಕಾಗಿ" ಅಂದ. ನನ್ನ ಸಿಟ್ಟೆಲ್ಲ ಆ ಮಾತಾಡಿದವನ ಮೇಲೆ ಇರಲಿಲ್ಲ, ಸಗಾಯಂ ಅಣ್ಣನ ಮೇಲಿತ್ತು. ನನ್ನನ್ನು ಈ ಗತಿಗೆ ತಂದವನು ಅವನು ತಾನೆ?

ಅಣ್ಣನ ರೆಟಿನಾ, ಅಂದರೆ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆ, ಹರಿದು ಕಳಚಿಕೊಂಡಿತ್ತು. ನಡುಭಾಗ ಮಾತ್ರ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಮರುದಿನವೇ ಆಪರೇಷನ್ ಆಯಿತು, ಕಣ್ಣು ಉಳಿಯಿತು. ಆದರೆ ಫುಟ್‌ಬಾಲ್ ಇನ್ನಿಲ್ಲ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಅದನ್ನೆಲ್ಲ ನಾನು ಕುರಿಯನ್ ಸರ್ ಬಾಯಿಂದ ತಿಳಿದೆ. ನಾನಾಗಿ ಹೋಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಸುಮಾ ಒಂದು ದಿನ ರಜೆ ಹಾಕಿ, ನನ್ನನ್ನು ಆಟೋದಲ್ಲಿ ಕೂರಿಸಿ ಮಾಧವರಂಗೆ ಕರೆದುಕೊಂಡು ಹೋದಳು.

ಈ ಆಪರೇಷನ್ ಆದವರ ಕಣ್ಣೊಳಗೆ ಕೆಲವೊಮ್ಮೆ ಗ್ಯಾಸ್ ತುಂಬುತ್ತಾರೆ. ಅದು ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ರೋಗಿ ಹಗಲೂ ರಾತ್ರಿ ಬೋರಲಾಗಿಯೇ ಇರಬೇಕು. ಅಣ್ಣ ಮಂಚದ ಮೇಲೆ ಬೋರಲು ಬಿದ್ದಿದ್ದ, ಹಣೆಗೆ ದಿಂಬು, ಮುಖ ನೆಲಕ್ಕೆ. ಇಡೀ ಮೈದಾನವನ್ನು ಕಣ್ಣಲ್ಲಿ ಹಿಡಿದಿಟ್ಟು ನಿಲ್ಲುತ್ತಿದ್ದ ಮನುಷ್ಯ ಮೊಸಾಯಿಕ್ ನೆಲದ ಚುಕ್ಕಿಗಳನ್ನು ನೋಡುತ್ತಾ ಬಿದ್ದಿದ್ದ. ನನಗೆ ದುಃಖ ಒತ್ತರಿಸಿ ಬಂತು. ಅವನ ಹೆಂಡತಿ ಸುಮಾಳನ್ನು ಅಡುಗೆಮನೆಗೆ ಕರೆದೊಯ್ದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಸ್ಟೂಲಿನ ಮೇಲೆ ಕೂತೆ.

"ಮಂಜುನಾ?" ಅಂದ ತಲೆ ಎತ್ತದೆ. "ಕಾಲು ಕಾಣ್ತು."

"ಹೂಂ ಅಣ್ಣ."

ಆಮೇಲೆ ನೆಲದ ಕಡೆಗೇ ಕೇಳಿದ: "ಮೊದಲ್ನೇ ವಾರಾನೇ ಯಾಕೆ ಹಂಗೆ ಹೊಡೀಲಿಲ್ಲ?"

ನನಗೆ ಅರ್ಥವಾಗಲಿಲ್ಲ.

"ಡಾಕ್ಟ್ರು ಹೇಳಿದ್ರು. ಮಿಂಚು ಕಾಣ್ತಿತ್ತಲ್ಲ, ಆಗಲೇ ಬಂದಿದ್ರೆ ಸಣ್ಣ ಹರಕು ಇದ್ದಿದ್ದಂತೆ. ಕೂತ ಜಾಗದಲ್ಲೇ ಲೇಸರ್ ಹಾಕಿ ಅಂಟಿಸಿ ಕಳಿಸ್ತಿದ್ರಂತೆ. ಮುಂದಿನ ಸೀಸನ್ ಆಡ್ಬಹುದಿತ್ತು. ನಿನಗೆ ಮೊದಲ್ನೇ ದಿನಾನೇ ಗೊತ್ತಿತ್ತಲ್ವಾ ಎಡಗಡೆ ನನಗೆ ಕಾಣ್ತಿಲ್ಲ ಅಂತ? ಆಗ್ಲೇ ಯಾಕಪ್ಪಾ ಹೊಡೀಲಿಲ್ಲ?"

ಇಷ್ಟು ದಿನ ಯಾವ ಮಾತಿಗೆ ಹೆದರಿ ನಾನು ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನು ಅವನು ಆಡಲೇ ಇಲ್ಲ. ಹೆದರಲು ತೋಚದೇ ಇದ್ದ ಮಾತೊಂದನ್ನು ತಂದು ಮುಂದಿಟ್ಟ. ನನಗೆ ರೋಷ ಉಕ್ಕಿತು. ಮಂಚ ಹಿಡಿದಿರುವ ಮನುಷ್ಯ ಅನ್ನುವುದನ್ನೂ ಮರೆತು ಕೂಗಿದೆ: "ನೀನೇ ತಾನೇ ಅಣ್ಣ ಬಾಯಿ ಕಟ್ಟಿ ಹಾಕಿದ್ದು! ಮಗಳ ಮೇಲೆ ಆಣೆ ಹಾಕಿಸ್ದೋನು ಯಾರು?"

ಅಡುಗೆಮನೆಯ ಮಾತು ನಿಂತಿತು. ಅಣ್ಣ ದಿಂಬಿನ ಮೇಲೆ ಹಣೆಯನ್ನು ಸ್ವಲ್ಪ ಹೊರಳಿಸಿದ.

"ನಾನು ಹೆದ್ರಿದ್ದೆನಡಾ ತಮ್ಮ," ಅಂದ. "ಹೆದ್ರಿದೋನ ಮಾತು ಯಾರಾದ್ರೂ ಕೇಳ್ತಾರಾ?"

ನಾನು ಮುಂದೆ ಅದೇ ಕ್ಲಬ್ಬಿನಲ್ಲಿ ಮೊದಲನೇ ಕೀಪರ್ ಆಗಿ ಆಡಿದೆ, ಈಗ ಬೇರೆ ಕಡೆ ಕೀಪರ್‌ಗಳಿಗೆ ಕೋಚ್ ಆಗಿದ್ದೇನೆ. ವಾರ್ಮ್-ಅಪ್ ಮುಗಿದ ಮೇಲೆ ಮೊದಲನೆಯವನನ್ನು ನಾನು ಏನೂ ಕೇಳುವುದಿಲ್ಲ, "ಹೇಗಿದ್ದೀಯ?" ಅಂದರೆ ಯಾವ ಕೀಪರ್ ಆದರೂ "ಸೂಪರ್ ಸರ್" ಅಂತಲೇ ಹೇಳುತ್ತಾನೆ. ಎರಡನೆಯವನನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ. ಅವನು ಹೇಳಿದ್ದು ನನ್ನ ಮಾತಾಗಿ ಹೊರಗೆ ಹೋಗುತ್ತದೆ, ಕೆಟ್ಟ ಹೆಸರು ಬಂದರೆ ನನಗೆ ಬರಲಿ. ಹುಡುಗರು ನನ್ನನ್ನು ಬೆನ್ನ ಹಿಂದೆ ಸಿಐಡಿ ಅಂತಾರೆ, ಗೊತ್ತು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹೆದರಿದವನಿಗೆ ಕೊಟ್ಟ ಆಣೆಯನ್ನು ಮುರಿಯುವುದಾದರೆ ಮೊದಲನೇ ದಿನವೇ ಮುರಿಯಬೇಕು. ನಾನೂ ಮುರಿದೆ, ಆದರೆ ಅವನ ಆಟ ಹೋಗಿ ಕಣ್ಣು ಮಾತ್ರ ಉಳಿಯುವಷ್ಟು ತಡವಾಗಿ.